ಡಿಕ್ಕಿಯಲ್ಲಿದ್ದ ಕಲ್ಲು

ಅಂಜನಾಪುರದ ಏರುರಸ್ತೆಯಲ್ಲಿ ಎಳನೀರು ಕಂಡು ಕಾರು ನಿಲ್ಲಿಸಿದೆವು. ಜಯನಗರದ ಮನೆಯಿಂದ ಹೊರಟಾಗಿನಿಂದ ನನಗೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಚಿಂತೆ. ಹ್ಯಾಂಡ್‌ಬ್ರೇಕ್ ಎಳೆದು, ಹೆಂಡತಿಯನ್ನು ಕಾರಿನಲ್ಲೇ ಬಿಟ್ಟು ಇಳಿದವನು ಪಕ್ಕದ ಮನೆಯವರಿಗೆ ಫೋನ್ ಹಚ್ಚಿದೆ. "ನಮ್ಮ ಕಿಟಕಿ ಹತ್ರ ಹೋಗಿ, ಗ್ಯಾಸ್ ವಾಸನೆ ಬರ್ತಿದ್ಯಾ ನೋಡಿ ಸಾರ್, ಪ್ಲೀಸ್."

ಅಷ್ಟರಲ್ಲಿ ಹೆಂಡತಿ ಕಿರುಚಿದಳು. "ರೀ, ಕಾರು ಹೋಗ್ತಿದೆ! ಬ್ರೇಕ್ ಎಳೀತಾನೇ ಇದೀನಿ, ಹಿಡೀತಿಲ್ಲ!"

ಕಾರು ಹಿಂದಕ್ಕೆ, ಎಳನೀರು ಮಾರುವ ಅಕ್ಕ ಕೂತಿದ್ದ ಕಡೆಗೇ ಜಾರುತ್ತಿತ್ತು. ಆಕೆ ಛಂಗನೆ ಎದ್ದು ಸರಿದು, ಪಕ್ಕದಲ್ಲಿದ್ದ ಇಡೀ ಗೊನೆಯನ್ನೇ ಚಕ್ರದಡಿಗೆ ಒದ್ದಳು. ಎರಡು ಎಳನೀರು ಒಡೆದವು, ಕಾರು ನಿಂತಿತು.

ನಾನು ಗಾಬರಿಯಿಂದ ಓಡಿ ಬಂದದ್ದನ್ನು ನೋಡಿ ಆಕೆಯೇ ಸಮಾಧಾನ ಹೇಳಿದಳು. "ಬಿಡಿ ಸಾರ್, ಬ್ರೇಕು ಹಿಂಗೆ ಕೈ ಕೊಡುತ್ತೆ ಅಂತ ನಿಮಗೇನು ಕನಸು ಬಿದ್ದಿತ್ತಾ?"

ಇಲ್ಲವೆಂದು ತಲೆಯಾಡಿಸಿದೆ.

"ಏನಾದ್ರೂ ಅಡ್ಡ ಕೊಡಿ, ನನ್ನ ಗೊನೆ ತಕ್ಕೋತೀನಿ."

ಸುತ್ತಮುತ್ತ ಒಂದು ಕಲ್ಲೂ ಕಾಣಲಿಲ್ಲ. ವಿಧಿಯಿಲ್ಲದೆ ಡಿಕ್ಕಿ ತೆಗೆದೆ. ಹ್ಯಾಂಡ್‌ಬ್ರೇಕ್ ಸಡಿಲವಾಗಿದೆ, ಬಿಗಿ ಮಾಡಿಸಿ ಎಂದು ಮೆಕ್ಯಾನಿಕ್ ಹೇಳಿ ಎಷ್ಟೋ ತಿಂಗಳಾಗಿತ್ತು. ನಾನು ಮಾಡಿಸಿರಲಿಲ್ಲ, ಬದಲಿಗೆ ಚಕ್ರಕ್ಕೆ ಅಡ್ಡ ಕೊಡಲೆಂದು ದಪ್ಪನೆಯ ಕಲ್ಲೊಂದನ್ನು ಟವೆಲ್‌ನಲ್ಲಿ ಸುತ್ತಿ, ಜೋಪಾನವಾಗಿ ಇಟ್ಟುಕೊಂಡಿದ್ದೆ.

ಅಕ್ಕ ಕಲ್ಲನ್ನು ನೋಡಿ, ನನ್ನನ್ನು ನೋಡಿದಳು. ಕಾರಿನಿಂದ ಇಳಿದು ಬಂದ ಹೆಂಡತಿ ತನ್ನ ಟವೆಲ್ಲಿನ ಗುರುತು ಹಿಡಿದಳು. ಅಷ್ಟರಲ್ಲಿ ಕೈಯಲ್ಲಿದ್ದ ಫೋನಿನಿಂದ ಪಕ್ಕದ ಮನೆಯವರ ದನಿ ಜೋರಾಗಿ ಕೇಳಿತು: "ಏನೂ ವಾಸನೆ ಇಲ್ಲ ಸಾರ್! ನಿಮ್ಮಷ್ಟು ಹುಷಾರಾಗಿರೋರು ನಮ್ಮ ಬೀದೀಲೇ ಇಲ್ಲ ಬಿಡಿ."