ನೀಲಿ ನೀರಿನಲ್ಲಿ ಕರಗಿದ ಬೀಗದ ಕೈ

ಇವತ್ತು ಶಿವಮೊಗ್ಗದ ಗೊಬ್ಬರದಂಗಡಿಯಲ್ಲಿ ಮೈಲುತುತ್ತದ ನೀಲಿ ಹರಳು ಕಂಡೆ. ಭದ್ರಾವತಿಯ ನಮ್ಮಂಗಡಿಯಲ್ಲಿ ಅಬ್ಬಾ, ಅಂದರೆ ನಮ್ಮಪ್ಪ, ಅದನ್ನೇ ಕೊಳೆರೋಗದ ಮದ್ದಿಗೆಂದು ಅಡಿಕೆ ಬೆಳೆಯುವವರಿಗೆ ಮಾರುತ್ತಿದ್ದರು. ಪೊಟ್ಟಣ ಕಟ್ಟುವಾಗಲೆಲ್ಲ ಒಂದೇ ಮಾತು: "ಮಣ್ಣಿನ ಮಡಕೇಲಿ ಕರಗ್ಸಿ ಮಾರಾಯ್ರೇ, ಕಬ್ಬಿಣದ ಬಕೆಟ್ ಬೇಡ." ಯಾಕೆಂದು ಹೇಳುತ್ತಿರಲಿಲ್ಲ.

ನನ್ನಕ್ಕ, ನಾನು ಆಪಾ ಎನ್ನುತ್ತಿದ್ದೆ, ರೈಲಿನಲ್ಲಿ ಶಿವಮೊಗ್ಗದ ಕಾಲೇಜಿಗೆ ಹೋಗುತ್ತಿದ್ದಳು. ಅವಳ ಟ್ರಂಕಿನ ಕಬ್ಬಿಣದ ಬೀಗದ ಕೈಯನ್ನು ಒಮ್ಮೆ ಮೈಲುತುತ್ತ ಕರಗಿಸಿದ ನೀಲಿ ನೀರಿಗೆ ಅದ್ದಿದೆ. ಕ್ಷಣದಲ್ಲಿ ತಾಮ್ರದ ಬಣ್ಣ! ಇನ್ನೂ ಚೆಂದವಾಗಲಿ ಎಂದು ಅಲ್ಲೇ ಬಿಟ್ಟೆ. ಎರಡು ದಿನ ಆಪಾ ಮನೆಯೆಲ್ಲ ಹುಡುಕಿದಳು. ನಾನು ತುಟಿ ಬಿಚ್ಚಲಿಲ್ಲ. ಕೊನೆಗೆ ತೆಗೆದರೆ ಅದರ ಹಲ್ಲುಗಳು ಸವೆದುಹೋಗಿದ್ದವು. ಪರೀಕ್ಷೆಯ ಪುಸ್ತಕಗಳೆಲ್ಲ ಟ್ರಂಕಿನೊಳಗೆ. ಅಬ್ಬಾ ಬೀಗ ಒಡೆದರು.

ಹಿತ್ತಲ ಮೆಟ್ಟಿಲ ಮೇಲೆ ಅಳುತ್ತ ಕೂತೆ. ಬೈಯುತ್ತಾಳೆಂದುಕೊಂಡರೆ ಆಪಾ ಪಕ್ಕದಲ್ಲಿ ಬಂದು ಕೂತಳು.

"ಕಬ್ಬಿಣದ ಒಂದೊಂದು ಪರಮಾಣುನೂ ಎರಡೆರಡು ಎಲೆಕ್ಟ್ರಾನ್ ಮೈಲುತುತ್ತದಲ್ಲಿರೋ ತಾಮ್ರಕ್ಕೆ ಕೊಟ್ಟು, ತಾನು ಪ್ಲಸ್ ಅಯಾನಾಗಿ ನೀರಿಗೆ ಇಳೀತು ಕಣೇ."

"ಕೊಟ್ಟೋರು ಮೈನಸ್ ಆಗ್ಬೇಕಲ್ವಾ ಆಪಾ?"

"ಎಲೆಕ್ಟ್ರಾನೇ ಮೈನಸ್ಸು. ಅದು ಹೋದ್ಮೇಲೆ ಉಳಿಯೋದು ಪ್ಲಸ್ಸೇ."

"ಹಾಗಾದ್ರೆ ಕಬ್ಬಿಣ ಹೋಗೇಬಿಡ್ತಾ?"

"ಎಲ್ಲೂ ಹೋಗಿಲ್ಲ. ನೀರಲ್ಲೇ ಇದೆ, ಕಣ್ಣಿಗೆ ಕಾಣಲ್ಲ ಅಷ್ಟೆ."

ಆಪಾ ತೀರಿಕೊಂಡು ವರ್ಷಗಳಾದವು. ನನಗೆ ತೋಟವಿಲ್ಲ, ಆದರೂ ಇವತ್ತು ಒಂದು ಪೊಟ್ಟಣ ಮೈಲುತುತ್ತ ಕೊಂಡು ತಂದೆ. ಗಾಜಿನ ಲೋಟದಲ್ಲಿ ಕರಗಿಸಿ, ಒಂದು ಮೊಳೆ ಹಾಕಿ, ಮೆಟ್ಟಿಲ ಮೇಲೆ, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು, ಸ್ವಲ್ಪ ಸರಿದು ಕೂತಿದ್ದೇನೆ.