ಪೆಟ್ರೋಲ್ ಟ್ಯಾಂಕಿಗೆ ಒಡೆದ ಹರಕೆಯ ಕಾಯಿ

ನನ್ನ ಮಗಳು ವಿದ್ಯಾಳ ಹೊಟ್ಟೆಯಲ್ಲಿ ಎರಡು ಮಕ್ಕಳು ಉಳಿಯದೆ ಹೋದವು. ಮೂರನೆಯದು ನಿಂತಾಗ ೨೦೦೭ನೇ ಇಸವಿ. ಏಳು ತಿಂಗಳು ತುಂಬಿದ ಮೇಲೆ ಅವಳನ್ನು ಅಂಕೋಲೆಗೆ, ನಮ್ಮ ಮನೆಗೆ ಕರೆತಂದೆವು. ಕಾರವಾರದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಮಾಸು ಕೆಳಗೆ ಕೂತಿದೆ. ರಕ್ತ ಕಂಡರೆ ಒಂದು ನಿಮಿಷವೂ ಕಾಯಬೇಡಿ, ಸೀದಾ ಇಲ್ಲಿಗೆ ಕರೆತನ್ನಿ. ತಡವಾದರೆ ತಾಯಿಯೂ ಇಲ್ಲ, ಮಗುವೂ ಇಲ್ಲ" ಎಂದರು. ಅಂದಿನಿಂದ ನನ್ನ ನಿದ್ದೆ ಹೋಯಿತು.

ಭಕ್ತ ಬಂಧುಗಳೇ, ನಿಮ್ಮಲ್ಲಿ ಹಲವರು ನಮ್ಮೂರ ದೇವಿಯಲ್ಲಿ ಕಣ್ಣೀರಿಟ್ಟು ಬೇಡಿ ಪಡೆದದ್ದನ್ನು ಈ ಪತ್ರಿಕೆಯಲ್ಲಿ ಬರೆದಿದ್ದೀರಿ. ಓದಿ ಕೈಮುಗಿದಿದ್ದೇನೆ. ನಾನು ಮಾತ್ರ ದೇವಿಯನ್ನು ಬಾಯಿಗೆ ಬಂದಂತೆ ಬೈದು ಪಡೆದವಳು. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳನ್ನು ಗದರಿಸಿದ ಬಾಯಿ ಇದು. ನಿಮಗೆ ಸರಿ ಕಾಣದಿದ್ದರೆ ಕ್ಷಮಿಸಿ.

ನಮ್ಮ ಕಾರು ಎಂಟು ವರ್ಷ ಹಳೆಯದು. ಒಬ್ಬರು ಓಡಿಸಿ ಬಿಟ್ಟದ್ದನ್ನು ಕೊಂಡದ್ದು. ನಮ್ಮವರಿಗೆ ಒಂದು ಚಾಳಿ. ಗೋವಾದಲ್ಲಿ ಪೆಟ್ರೋಲು ಅಗ್ಗ ಎಂದು ಗಡಿ ದಾಟಿದಾಗಲೇ ಟ್ಯಾಂಕು ತುಂಬಿಸುವುದು, ಆಮೇಲೆ ಇಲ್ಲಿ ಗುಟುಕು ಗುಟುಕು ಹಾಕಿಸಿಕೊಂಡು ಮುಂದಿನ ಗೋವಾ ಪ್ರಯಾಣದವರೆಗೆ ದಿನ ದೂಡುವುದು. ಮುಳ್ಳು ಯಾವಾಗಲೂ ತಳದಲ್ಲೇ. ಆ ವರ್ಷ ದೀಪಾವಳಿಯ ಹೊತ್ತಿಗೆ ಹಿಂದಿನ ಸೀಟಿನ ಕೆಳಗಿನಿಂದ ಕೊಂಯ್ ಎಂಬ ಸದ್ದು ಶುರುವಾಯಿತು. ಮಧ್ಯಾಹ್ನದ ಬಿಸಿಲಿನಲ್ಲಿ ಬೇಗ ಸ್ಟಾರ್ಟ್ ಆಗುತ್ತಿರಲಿಲ್ಲ.

ಕಾರವಾರದ ಹಬ್ಬುವಾಡದಲ್ಲಿ ನಮ್ಮ ಮೆಕ್ಯಾನಿಕ್ ಸುಭಾಷನ ಗ್ಯಾರೇಜು. ಅವನು ಹಿಂದಿನ ಸೀಟು ಎತ್ತಿ, ಅದರಡಿಯ ಸಣ್ಣ ಮುಚ್ಚಳದ ಮೇಲೆ ಕಿವಿಯಿಟ್ಟು ಕೇಳಿದ.

"ಪೆಟ್ರೋಲ್ ಪಂಪು ಟ್ಯಾಂಕಿನ ಒಳಗೇ ಅದೆ ಅಕ್ಕೋರೆ. ಪೆಟ್ರೋಲಲ್ಲಿ ಮುಳುಗಿದ್ರೇ ಅದಕ್ಕೆ ತಂಪು. ನೀವು ಖಾಲಿ ಟ್ಯಾಂಕಲ್ಲೇ ಓಡ್ಸಿ ಓಡ್ಸಿ ಅದನ್ನ ಸುಟ್ಟಾಕಿದ್ರಿ. ಇವತ್ತೋ ನಾಳೆಯೋ ನಿಂತೇ ಹೋಗ್ತದೆ. ಹಳೇದು ಬಿಚ್ಚಿ ಹುಬ್ಬಳ್ಳಿಗೆ ಸ್ಯಾಂಪಲ್ ಕಳ್ಸಿದ್ರೇ ಸಮಾ ಹೊಂದೂದು ಸಿಗ್ತದೆ. ನಾಲ್ಕು ದಿವ್ಸ ಗಾಡಿ ಬಿಟ್ಟೋಗಿ."

"ನಾಲ್ಕು ದಿವ್ಸಾ? ಮನೇಲಿ ಬಸುರಿ ಇಟ್ಕಂಡು ಗಾಡಿ ಬಿಟ್ಟೋಗೂದಾ? ನಿಂಗೆ ತಲೆ ಸಮಾ ಅದೆಯಾ?" ಎಂದು ರೇಗಿದೆ.

ನಮ್ಮವರು, "ಅವ ಹೇಳೂದು ಸಮಾ ಅದೆ. ನಾಲ್ಕು ದಿವ್ಸಕ್ಕೆ ಬಾಡಿಗೆ ಗಾಡಿ ಹೇಳಿಡುವಾ" ಎಂದರು. ನಾನು ಒಪ್ಪಲಿಲ್ಲ. ದೇವಿಯ ಹತ್ತಿರ ಹೂವಿನ ಪ್ರಸಾದ ಕೇಳಿಯೇ ತೀರ್ಮಾನ ಎಂದು ಹಟ ಹಿಡಿದೆ. ನೆಂಟಸ್ತಿಕೆಗೆ, ಮನೆ ಕಟ್ಟಲು, ಆಪರೇಶನ್ನಿಗೆ ನಮ್ಮ ಕಡೆಯವರು ಪ್ರಸಾದ ಕೇಳುವುದು ಇದ್ದದ್ದೇ. ಪಂಪಿನ ವಿಷಯಕ್ಕೆ ಕೇಳಿದವಳು ಬಹುಶಃ ನಾನೊಬ್ಬಳೇ.

ಗುಡಿಯ ಭಟ್ಟರು ಮೂರ್ತಿಯ ಎರಡೂ ಬದಿಗೆ ಒದ್ದೆ ಹೂವಿನ ಎಸಳು ಹಚ್ಚಿ ಪ್ರಾರ್ಥನೆ ಮಾಡಿದರು. "ಬಾಣಂತನ ಮುಗಿಯುವವರೆಗೆ ಈ ಕಾರನ್ನು ಹೀಗೇ ಓಡಿಸಬಹುದೇ ತಾಯಿ?" ಬಲಗಡೆಯ ಎಸಳು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಎಸಳು ಎಡಕ್ಕೆ ಬಿತ್ತು. ಎಷ್ಟು ಸ್ಪಷ್ಟವಾಗಿ ಎಂದರೆ ಹೊರಗೆ ನಿಂತ ನನಗೂ ಕಂಡಿತು.

"ಇನ್ನೊಂದ್ಸಲ ಕೇಳಿ ಭಟ್ರೆ," ಎಂದೆ.

"ಒಂದ್ಸಲ ಕೊಟ್ಟ ಮೇಲೆ ಮತ್ತೆ ಕೇಳೂಕೆ ಇಲ್ಲ ಅಕ್ಕೋರೆ."

"ನನ್ನ ಮಗಳ ಜೀವದ ಮಾತು. ಕೇಳಿ!"

ಭಟ್ಟರು ಮುಖ ಸಣ್ಣ ಮಾಡಿಕೊಂಡು ಕೇಳಿದರು. ಎರಡನೆಯ ಸಲ ಬಲಕ್ಕೆ ಬಿತ್ತು. ನಾನು ಗೆದ್ದವಳಂತೆ ಆ ಎಸಳನ್ನು ಕಣ್ಣಿಗೆ ಒತ್ತಿಕೊಂಡು, ಹರಕೆಯ ಕಾಯಿಯೊಂದನ್ನು ದೇವಿಯ ಮುಂದಿಟ್ಟು ತೆಗೆದುಕೊಂಡು ಮನೆಗೆ ಬಂದೆ. ಸುಖವಾಗಿ ಹೆರಿಗೆಯಾದ ಮೇಲೆ ಗುಡಿಗೆ ಬಂದು ಒಡೆಯಬೇಕಾದ ಕಾಯಿ ಅದು. ನಮ್ಮವರಿಗೆ ಎರಡನೆಯ ಹೂವಿನ ಸುದ್ದಿ ಮಾತ್ರ ಹೇಳಿದೆ.

ಒಂಬತ್ತನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ವಿದ್ಯಾ ಬಚ್ಚಲಿನಿಂದ "ಆಯೀ" ಎಂದು ಕೂಗಿದಳು. ಓಡಿ ಹೋಗಿ ನೋಡಿದರೆ ರಕ್ತ. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡೆ. ಧೈರ್ಯಕ್ಕೆಂದು ಎತ್ತಿಕೊಂಡ ಹರಕೆಯ ಕಾಯಿಯ ಚೀಲ ಕಾಲಬುಡದಲ್ಲಿ. ಕಾರು ಹೇಗೋ ಸ್ಟಾರ್ಟ್ ಆಯಿತು. ಹೆದ್ದಾರಿಯ ತುಂಬ ಬೇಲೆಕೇರಿ, ಕಾರವಾರ ಬಂದರುಗಳಿಗೆ ಹೋಗುವ ಅದಿರಿನ ಲಾರಿಗಳು. ನಡುದಾರಿಯ ಅಮದಳ್ಳಿ ಇನ್ನೂ ದೂರ ಇರುವಾಗಲೇ ಕಾರು ಎರಡು ಸಲ ಮುಗ್ಗರಿಸಿ ನಿಂತುಬಿಟ್ಟಿತು. ನಮ್ಮವರು ಕೀಲಿ ತಿರುಗಿಸಿದರು, ಮತ್ತೆ ತಿರುಗಿಸಿದರು. ಇಂಜಿನ್ ಬರಿದೇ ಕೊರಗಿತು. ಹಿಂದಿನಿಂದ ಯಾವಾಗಲೂ ಬರುತ್ತಿದ್ದ ಕೊಂಯ್ ಸದ್ದು ಇರಲಿಲ್ಲ.

ನಾನು ರಸ್ತೆಗಿಳಿದು ಕೈ ಅಡ್ಡ ಹಿಡಿದೆ. ಲಾರಿಯವರು ಹಾರ್ನ್ ಹೊಡೆದು, ಕೆಂಪು ಧೂಳು ನನ್ನ ಮುಖಕ್ಕೆ ಎರಚಿ ಹೋದರು. ಒಬ್ಬನಾದರೂ ನಿಲ್ಲಿಸಬೇಕಲ್ಲ! ಅವರ ಮೇಲಿನ ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಒಂದು ಬಸ್ಸು ನಿಂತಿತು, ನಿಂತವರೂ ನೇತಾಡುವಷ್ಟು ತುಂಬಿತ್ತು. "ಕೂತ್ಕಂಡು ಬರೂಕೆ ಆಗ್ತದಾ ಬಾಯಿ?" ಎಂದು ಕಂಡಕ್ಟರ್ ಕೇಳಿದ. ಮಗಳಿಗೆ ಕೂರುವುದಿರಲಿ, ಕಣ್ಣು ಬಿಡಲೂ ಆಗುತ್ತಿರಲಿಲ್ಲ. ಕಾರವಾರ ಮುಟ್ಟಿದ ಕೂಡಲೇ ಗಾಡಿ ಕಳಿಸುತ್ತೇನೆಂದು ಹೇಳಿ ಅವನು ಹೋದ. ನಮ್ಮವರ ಮೊಬೈಲಿಗೆ ಸಿಗ್ನಲ್ ಇರಲಿಲ್ಲ.

"ಆಯಿ, ನಂಗೆ ಥಂಡಿ ಆಗ್ತದೆ," ಎಂದಳು ವಿದ್ಯಾ. ಬೆಂಕಿಯಂಥ ಮಧ್ಯಾಹ್ನದಲ್ಲಿ ಅವಳಿಗೆ ಚಳಿ!

ಆ ಮಾತಿಗೆ ನನ್ನ ತಲೆ ಕೆಟ್ಟಿತು. ಚೀಲದಿಂದ ಹರಕೆಯ ಕಾಯಿ ಎಳೆದುಕೊಂಡೆ. ಹಿಂದಿನ ಚಕ್ರದ ಪಕ್ಕ ಜಲ್ಲಿಯ ಮೇಲೆ ಮೊಣಕಾಲೂರಿ ಬಗ್ಗಿದೆ. ಸುಭಾಷ ತೋರಿಸಿದ ಆ ಟ್ಯಾಂಕು ಕಾಣಿಸಿತು. ನನ್ನ ಮಗಳನ್ನು ಕೊಲ್ಲುತ್ತಿರುವುದು ಅದೇ ಎನಿಸಿತು.

"ಹೂ ಕೊಟ್ಯಲ್ಲ ನೀನು! ಬಲಕ್ಕೆ ಕೊಟ್ಯಲ್ಲ!" ಎಂದು ಕಾಯಿಯಿಂದ ಟ್ಯಾಂಕಿಗೆ ಬಡಿದೆ. "ಎರಡು ತಕ್ಕಂಡದ್ದು ಸಾಕಾಗ್ಲಿಲ್ವಾ ನಿಂಗೆ?" ಎಂದು ಮತ್ತೆ ಬಡಿದೆ. ನಮ್ಮವರು "ಹುಚ್ಚು ಹಿಡೀತಾ ನಿಂಗೆ, ಬಿಡೇ" ಎಂದು ಕೂಗುತ್ತಲೇ ಕೀಲಿ ತಿರುಗಿಸುತ್ತಿದ್ದರು. "ನಿಂಗೆ ದೀಪ ಹಚ್ಚೂದಿಲ್ಲ ಇನ್ನು! ಕತ್ತಲೇಲೇ ಕೂತ್ಕೋ!" ಎಂದು ಮೂರನೆಯ ಸಲ ಬಡಿದಾಗ ಕಾಯಿ ಒಡೆದು ನೀರು ನನ್ನ ತೋಳಿನ ಮೇಲೆ ಹರಿಯಿತು. ಅದೇ ಕ್ಷಣ ಟ್ಯಾಂಕಿನೊಳಗಿನಿಂದ ಕೊಂಯ್ ಎಂದಿತು. ಇಂಜಿನ್ ಹೊತ್ತಿಕೊಂಡಿತು.

ನಾನು ಹೇಗೆ ಒಳಗೆ ಹತ್ತಿದೆನೋ ಗೊತ್ತಿಲ್ಲ. ಅರ್ಗಾ, ಬಿಣಗಾ, ಬೈತಖೋಲ, ಎಲ್ಲೂ ಕಾರು ಮಿಸುಕಲಿಲ್ಲ. ಆಸ್ಪತ್ರೆಯ ಬಾಗಿಲ ತನಕ ಹೋಗಿ ನಮ್ಮವರೇ ಆಫ್ ಮಾಡಿದರು. ಒಡನೆಯೇ ಆಪರೇಶನ್ ಆಯಿತು. ಅಳಿಯ ಕೆಲಸದ ಊರಿನಿಂದ ಬಂದು ಮುಟ್ಟುವ ಹೊತ್ತಿಗೆ ತಾಯಿ ಉಳಿದಿದ್ದಳು, ಹೆಣ್ಣುಮಗು ಗಾಜಿನ ಪೆಟ್ಟಿಗೆಯಲ್ಲಿ ಕಾಲು ಆಡಿಸುತ್ತಿತ್ತು. ಡಾಕ್ಟರು, "ಇನ್ನರ್ಧ ಗಂಟೆ ಆಗಿದ್ದರೆ..." ಎಂದು ಮಾತು ಅಲ್ಲಿಗೇ ಬಿಟ್ಟರು. ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತು ಗಟ್ಟಿಯಾಗಿ ಅತ್ತೆ.

ಕಾರು ಮರುದಿನ ಮತ್ತೆ ಏಳಲಿಲ್ಲ. ಹಗ್ಗ ಕಟ್ಟಿ ಗ್ಯಾರೇಜಿಗೆ ಎಳೆಸಿದೆವು. ಸುಭಾಷ ಹಳೆಯ ಪಂಪನ್ನು ಹೊರತೆಗೆದು ನನ್ನ ಮುಂದೆ ಹಿಡಿದ. ಅಂಗೈ ಉದ್ದದ ಸಾಮಾನು. "ಒಳಗೆ ಮೋಟ್ರು ಸಿಕ್ಕಾಕ್ಕಂಡಿತ್ತು. ಬಡಿದಾಗ ಅಲುಗಾಡಿ ಬಿಟ್ಕಂಡಿದೆ. ನಾವೂ ಕೆಲವು ಸಲ ಹಾಂಗೇ ಬಡೀತೇವೆ. ನಿಮಗ್ಯಾರು ಹೇಳ್ಕೊಟ್ಟದ್ದು ಅಕ್ಕೋರೆ?"

ಯಾರೂ ಹೇಳಿಕೊಟ್ಟಿರಲಿಲ್ಲ. ಸಿಟ್ಟಿನಲ್ಲಿ ಬಾನೆಟ್ಟಿಗೆ ಬಡಿಯಬಹುದಿತ್ತು, ಬಾಗಿಲಿಗೆ ಒದೆಯಬಹುದಿತ್ತು, ಕಾಯಿಯನ್ನು ಲಾರಿಯವನ ಗಾಜಿಗೆ ಎಸೆಯಬಹುದಿತ್ತು. ಹಾಗೆ ಮಾಡುವ ಮನಸ್ಸೂ ಇತ್ತು. ನನ್ನ ಕೈ ಆ ಟ್ಯಾಂಕಿಗೇ ಯಾಕೆ ಹೋಯಿತು? ಮೋಟಾರಿನ ವಿಷಯ ಸುಭಾಷ ಹೇಳಿದ್ದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೇಡವೆಂದ ಹೂವನ್ನು ತಳ್ಳಿ ಬೇಕಾದ ಹೂವನ್ನು ಕಿತ್ತುಕೊಂಡವಳು ನಾನು. ತಪ್ಪು ನನ್ನದಿದ್ದೂ ನಡುರಸ್ತೆಯಲ್ಲಿ ಬೈದದ್ದು ಅವಳನ್ನು. ಅಷ್ಟಾದರೂ ಅವಳು ನನ್ನ ಮಗಳ ಕೈ ಬಿಡಲಿಲ್ಲ. ಇದನ್ನು ನೆನೆದರೆ ಈಗ ನನ್ನ ಮೇಲೇ ನನಗೆ ಮೈ ಉರಿಯುತ್ತದೆ. ಹೊಸ ಪಂಪು ಹಾಕಿದ ಮೇಲೆ ನಮ್ಮವರಿಗೆ ಎಡಕ್ಕೆ ಬಿದ್ದ ಹೂವಿನ ಮಾತನ್ನೂ ಹೇಳಿದೆ. ಎರಡು ದಿನ ಅವರು ನನ್ನೊಡನೆ ಮಾತಾಡಲಿಲ್ಲ.

ಮಗುವಿಗೆ ಮೂರು ತಿಂಗಳಾದಾಗ ಗುಡಿಗೆ ಕರೆದುಕೊಂಡು ಹೋದೆವು. ವಿದ್ಯಾ ಮಗುವನ್ನು ದೇವಿಯ ಎದುರು ಮಲಗಿಸಿದಳು. ಭಟ್ಟರು ಎಸಳುಗಳನ್ನು ನೀರಿನಲ್ಲಿ ಅದ್ದುತ್ತ, "ಅಕ್ಕೋರೆ, ಮಗೀನ ಹೆಸರಿಗೆ ಪ್ರಸಾದ ಕೇಳುವನಾ? ಏನಂತ ಕೇಳ್ಲಿ?" ಎಂದರು.

"ಏನೂ ಕೇಳ್ಬೇಡಿ ಭಟ್ರೆ," ಎಂದೆ. "ತಪ್ಪಾಯ್ತು ಅಂತ ಹೇಳಿ. ಅಷ್ಟೇ ಸಾಕು."