ಮಟ್ಟೆ ರಾಶಿಯ ಹಿಂದಿನ ಗೋಡೆ

ಮದುವೆಯಾಗಿ ಚಿಕ್ಕನಾಯಕನಹಳ್ಳಿ ಹತ್ತಿರದ ಈ ತೋಟದ ಮನೆಗೆ ಬಂದ ಮೊದಲ ಮಳೆಗಾಲದಲ್ಲೇ ಅತ್ತೆಯ ಕೋಣೆಯ ಗೋಡೆಗೆ ಬೂಷ್ಟು ಹಿಡಿದಿದ್ದನ್ನು ಕಂಡೆ. ಮಂಚದ ತಲೆಯ ಕಡೆ, ನೆಲದಿಂದ ಮೊಣಕಾಲೆತ್ತರದವರೆಗೂ ಕಪ್ಪು ಚುಕ್ಕೆಗಳು. ಬ್ಲೀಚಿಂಗ್ ಪೌಡರ್ ಕಲಸಿದ ನೀರು ಹಾಕಿ ತಿಕ್ಕಿ ತೊಳೆದೆ. ಗೋಡೆ ಬೆಳ್ಳಗಾಯಿತು. ದೀಪಾವಳಿ ಬರುವ ಹೊತ್ತಿಗೆ ಚುಕ್ಕೆಗಳೂ ಬಂದಿದ್ದವು.

ಆಮೇಲೆ ಅದು ಪ್ರತಿ ವರ್ಷದ ಚಾಕರಿಯಾಯಿತು. ನಮ್ಮದು ಬಯಲುಸೀಮೆ, ಮಳೆ ಕಡಿಮೆ ಅನ್ನುತ್ತಾರೆ. ಆದರೆ ಹಿಂಗಾರು ಹಿಡಿದುಕೊಂಡರೆ ತೆಂಗಿನ ನೆರಳಿನ ಈ ಮನೆಯಲ್ಲಿ ಒಗೆದ ಬಟ್ಟೆ ಕೂಡ ಒಣಗುವುದಿಲ್ಲ. ಒಂದು ವರ್ಷ ನನ್ನ ಗಂಡ ಆಯಿಲ್ ಪೇಂಟ್ ಬಳಿಸಿದರು. ಮುಂದಿನ ಮಳೆಗೆ ಪೇಂಟು ಹಪ್ಪಳದಂತೆ ಉಬ್ಬಿ ಉದುರಿತು. ನಾನು ಮತ್ತೆ ಬಕೆಟ್ ಹಿಡಿದೆ.

ಅಷ್ಟರಲ್ಲಿ ಅತ್ತೆಗೆ ಕೆಮ್ಮು ಬಿಡದಂತೆ ಅಂಟಿಕೊಂಡಿತ್ತು. ತಿಪಟೂರಿಗೆ ಕರೆದುಕೊಂಡು ಹೋದಾಗ ಡಾಕ್ಟರು ಕೇಳಿದರು: "ಮನೇಲಿ ತೇವ ಇದೆಯೇನಮ್ಮ? ಬೂಷ್ಟು ಹಿಡಿದ ಕೋಣೇಲಿ ಮಲಗಿದ್ರೆ ನನ್ನ ಮಾತ್ರೆ ಏನು ಮಾಡುತ್ತೆ?"

ವಾಪಸು ಬರುವ ಬಸ್ಸಿನಲ್ಲಿ ಅತ್ತೆ, "ಅವ್ರಿಗೇನು ಗೊತ್ತು ಬುಡವ್ವ. ವಯಸ್ಸಾದ್ಮೇಲೆ ಕೆಮ್ಮು ಬತ್ತದೆ," ಎಂದು ಕಣ್ಣು ಮುಚ್ಚಿಕೊಂಡರು.

ಅದೇ ವಾರ ಬಚ್ಚಲ ಒಲೆಗೆಂದು ಹಿತ್ತಲಲ್ಲಿ ಕಾಯಿಮಟ್ಟೆ ಎಳೆಯುತ್ತಿದ್ದೆ. ಕಾಯಿ ಸುಲಿದಾಗೆಲ್ಲ ಮಟ್ಟೆಯನ್ನು ಸೂರಿನ ಕೆಳಗೆ, ಹಿಂದಿನ ಗೋಡೆಗೆ ಒರಗಿಸಿ ಒಟ್ಟುವುದು ಈ ಮನೆಯ ರೂಢಿ. ಮೇಲಿನವು ಒಣಗಿದ್ದವು. ಅಡಿಯವು ಸೂರಿನ ನೀರು ಕುಡಿದು ಕೊಳೆತು, ಹಿಂಡಿದರೆ ನೀರು ಸುರಿಯುವಂತಿದ್ದವು. ಸಂದಿಯಲ್ಲಿ ಕೈ ತೂರಿಸಿದೆ. ಗೋಡೆ ಹಸಿ ಮಣ್ಣಿನಂತೆ ತಣ್ಣಗಿತ್ತು. ಅದರ ಆಚೆ ಬದಿಗೇ ಅತ್ತೆಯ ಮಂಚ.

ರಾಶಿಯನ್ನು ತೆಗೆಯೋಣ ಎಂದಾಗ ಅತ್ತೆ ಸುತರಾಂ ಒಪ್ಪಲಿಲ್ಲ. "ಬಯಲಿಗೆ ಹಾಕಿದ್ರೆ ನೆಂದೋಗ್ತವೆ. ಮಳೇಲಿ ನೀರು ಯಾವುದ್ರಲ್ಲಿ ಕಾಯಿಸ್ತೀಯ?"

"ಅಡೀಲಿರೋವು ಆಗ್ಲೇ ಕೊಳೆತೋಗವೆ ಅತ್ತೆ. ಬಂದು ನೋಡಿ."

ಅವರು ಬರಲಿಲ್ಲ. ಗಂಡ ಇಬ್ಬರ ಮಧ್ಯೆ ನಿಂತು, "ಮಳೆ ಕಳೀಲಿ ಬುಡೇ," ಎಂದರು. ನಾನು ಕಾಯಲಿಲ್ಲ. ಮಂಕರಿಗೆ ತುಂಬಿ, ಒಣ ಮಟ್ಟೆಯನ್ನು ಬಚ್ಚಲಿಗೂ ಕೊಳೆತದ್ದನ್ನು ತೆಂಗಿನ ಬುಡಕ್ಕೂ ಒಬ್ಬಳೇ ಹೊರತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ಅವರೂ ಪಂಚೆ ಎತ್ತಿ ಕಟ್ಟಿ ಕೈ ಹಚ್ಚಿದರು. ಅತ್ತೆ ಜಗುಲಿಯಲ್ಲಿ ನಮಗೆ ಬೆನ್ನು ಹಾಕಿ ಕುಳಿತಿದ್ದರು. ಊಟಕ್ಕೂ ಏಳಲಿಲ್ಲ.

ಸಂಜೆಗೆ ಗೋಡೆ ಬರಿದಾಯಿತು. ಪಾಚಿ ಹಿಡಿದು ಹಸಿರುಗಟ್ಟಿತ್ತು. ನಾನು ಕೈ ತೊಳೆಯುತ್ತಿದ್ದಾಗ ಅತ್ತೆ ಮೆಲ್ಲಗೆ ಬಂದು ಗೋಡೆಗೆ ಅಂಗೈ ಒತ್ತಿ ನಿಂತರು.

"ಇದ್ರ ಪಕ್ಕದಲ್ಲೇನವ್ವ ನಾನು ಮಲಗ್ತಿದ್ದಿದ್ದು?"

"ಹೂಂ ಅತ್ತೆ."

ಅತ್ತೆ ಒಳಗೆ ಹೋಗಿ, ದಿಂಬನ್ನು ಕಿಟಕಿಯ ಕಡೆಗೆ ಎಳೆದುಕೊಂಡರು.

ಬೇಸಿಗೆಯಲ್ಲಿ ಗಾರೆ ಕೆರೆಸಿ, ಗೋಡೆ ಪೂರ್ತಿ ಒಣಗುವವರೆಗೆ ಹಾಗೇ ಬಿಟ್ಟು, ಆಮೇಲೆ ಹೊಸ ಗಾರೆಯ ಮೇಲೆ ಪೇಂಟಿನ ಬದಲು ಸುಣ್ಣ ಬಳಿಸಿದೆವು. ಹೊರಗೆ ನೀರು ನಿಲ್ಲದಂತೆ ಮಣ್ಣು ಏರಿಸಿ ಇಳಿಜಾರು ಮಾಡಿದೆವು. ಮಂಚವನ್ನು ಗೋಡೆಯಿಂದ ದೂರ ಸರಿಸಿ, ಸೊಳ್ಳೆಗೆಂದು ಸದಾ ಮುಚ್ಚಿರುತ್ತಿದ್ದ ಕಿಟಕಿಗೆ ಜಾಲರಿ ಹೊಡೆಸಿದೆವು.

ಮುಂದಿನ ಮಳೆಗೆ ಆ ಗೋಡೆಗೆ ಬೂಷ್ಟು ಬರಲಿಲ್ಲ. ಅತ್ತೆಯ ಕೆಮ್ಮು ಪೂರ್ತಿ ಹೋಗಿಲ್ಲ, ಆದರೆ ನಿದ್ದೆ ಹತ್ತುತ್ತದೆ. ಈಗ ಅದೇ ಕೋಣೆಯ ಇನ್ನೊಂದು ಗೋಡೆಗೆ ಒರಗಿಸಿಟ್ಟ ಬೀರುವಿನ ಹಿಂದೆ ಒಂದಿಷ್ಟು ಕಪ್ಪು ಕಾಣಿಸಿಕೊಂಡಿದೆ. ಮೊನ್ನೆ ಬೀರುವನ್ನು ಸರಿಸಲು ನಾನು ಹೆಣಗುತ್ತಿದ್ದಾಗ ಅತ್ತೆ ಇನ್ನೊಂದು ತುದಿ ಹಿಡಿದು, "ಒಬ್ಳೇ ಎಳೀಬ್ಯಾಡ ಕಣವ್ವ, ಸೊಂಟ ಹಿಡ್ಕೊಂಡಾತು," ಎಂದರು.